ಲವಂಗ ನೋವಿಗೆ ಸರಿ, ಕೀವಿಗೆ ಸಾಲದು

ಹಗಲಿಡೀ ಹೇಗೋ ತಡೆದುಕೊಂಡ ಹಲ್ಲು ನೋವು ರಾತ್ರಿ ಊಟ ಮುಗಿಸಿ ಮಲಗಿದ ಮೇಲೆ ಜೋರಾಗುತ್ತದೆ. ಆ ಹೊತ್ತಿಗೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೂ ಹಲ್ಲಿನ ಕ್ಲಿನಿಕ್‌ಗಳು ಬಾಗಿಲು ಹಾಕಿರುತ್ತವೆ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಯಾದರೆ ಬೆಳಗಿನ ಬಸ್ಸಿಗೇ ಕಾಯಬೇಕು. ಹಾಗಾಗಿ ಎಲ್ಲರೂ ಮೊದಲು ಹೋಗುವುದು ಅಡುಗೆಮನೆಗೆ. ಲವಂಗ, ಉಪ್ಪು, ಅರಿಶಿನ, ಬೆಳ್ಳುಳ್ಳಿ ಹೇಗೂ ಇದ್ದೇ ಇರುತ್ತವೆ. ಅಜ್ಜಿ ಪೇರಲ ಎಲೆ ಅಗಿ ಅನ್ನುತ್ತಾರೆ. ಮಾವ ಚೂರು ಹೊಗೆಸೊಪ್ಪು ಅದುಮಿಟ್ಟುಕೋ ಅನ್ನುತ್ತಾರೆ.

ಇದೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲವಂಗ ಇಟ್ಟರೆ ನೋವು ಕಡಿಮೆಯಾಗುವುದು ನಿಜ. ಇಟ್ಟುಕೊಂಡು ನೋಡಿದವರಿಗೆ ಗೊತ್ತು. ತೊಂದರೆ ಇರುವುದು ಬೇರೆ ಕಡೆ. ಹಲ್ಲಿನ ಬುಡದಲ್ಲಿ ಕೀವು ಕಟ್ಟಿದಾಗ ಆ ಜಾಗಕ್ಕೆ ಲವಂಗ ತಲುಪುವುದೇ ಇಲ್ಲ. ಉಪ್ಪು ನೀರೂ ತಲುಪುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ಮಾತ್ರೆ ಕೂಡ ಸರಿಯಾಗಿ ತಲುಪುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಹಲ್ಲಿನ ಒಳಗೆ ಒಮ್ಮೆ ಇಣುಕಬೇಕು.

ಹಲ್ಲಿನ ಒಳಗೆ ನಡೆಯುವುದೇನು

ಹಲ್ಲಿನ ಹೊರಗಿನ ಪದರ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ, ಮೂಳೆ ಕೂಡ ಅದರಷ್ಟು ಗಟ್ಟಿಯಲ್ಲ. ಅದರ ಕೆಳಗೆ ಡೆಂಟಿನ್ ಅನ್ನುವ ತಿಳಿಹಳದಿ ಪದರ. ಎಲ್ಲಕ್ಕಿಂತ ಒಳಗೆ, ಹಲ್ಲಿನ ನಟ್ಟನಡುವೆ, ಒಂದು ಸಣ್ಣ ಗೂಡು. ಆ ಗೂಡಿನಲ್ಲಿ ರಕ್ತನಾಳ, ನರ ಎಲ್ಲ ಸೇರಿದ ಮೆತ್ತನೆಯ ತಿರುಳು ಇರುತ್ತದೆ. ಡಾಕ್ಟರುಗಳು ಇದನ್ನು ಪಲ್ಪ್ ಅನ್ನುತ್ತಾರೆ. ಈ ಪಲ್ಪ್‌ಗೆ ರಕ್ತ ಬಂದು ಹೋಗುವುದು ಬೇರಿನ ತುದಿಯಲ್ಲಿರುವ ತೀರಾ ಕಿರಿದಾದ ರಂಧ್ರದಿಂದ. ದವಡೆ ಹಲ್ಲಿಗೆ ಎರಡೋ ಮೂರೋ ಬೇರು, ಒಂದೊಂದರ ಒಳಗೂ ಸಣ್ಣ ದಾರಿ.

ಬಾಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಿಹಿ, ಹಿಟ್ಟಿನ ಪದಾರ್ಥಗಳನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಎನಾಮಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಕಣ್ಣಿಗೆ ಕಾಣುವ ಹುಳ ಅಲ್ಲಿ ಇರುವುದಿಲ್ಲ. ಜಾತ್ರೆ, ಸಂತೆಗಳಲ್ಲಿ ಹೊಗೆ ಹಾಕಿ, ಕೊಳವೆ ಇಟ್ಟು, "ನೋಡಿ, ಹುಳ ಬಿತ್ತು" ಅಂತ ಅಂಗೈಯಲ್ಲಿ ತೋರಿಸುವವರದ್ದು ಬರೀ ಕೈಚಳಕ. ಹೊಗೆಯ ಬಿಸಿಗೋ ಏನೋ ನೋವು ಸ್ವಲ್ಪ ತಗ್ಗಿದಂತೆ ಅನಿಸಬಹುದು. ತೂತು ಮಾತ್ರ ಹಾಗೇ ಇರುತ್ತದೆ.

ತೂತು ಡೆಂಟಿನ್ ದಾಟಿ ಪಲ್ಪ್ ಹತ್ತಿರ ಬಂದರೆ ಪಲ್ಪ್ ಊದಿಕೊಳ್ಳುತ್ತದೆ. ಮೈಯ ಬೇರೆ ಕಡೆ ಊತ ಬಂದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಇಲ್ಲಿ ಸುತ್ತಲೂ ಗಟ್ಟಿ ಗೋಡೆ. ಊತಕ್ಕೆ ಜಾಗವೇ ಇಲ್ಲ. ಒತ್ತಡ ಏರುತ್ತಾ ಹೋಗುತ್ತದೆ, ನರ ಹಿಂಡಿದಂತಾಗುತ್ತದೆ. ಹಲ್ಲು ಸಿಡಿಯುತ್ತೆ ಅಂತೀವಲ್ಲ, ಅದು ಇದೇ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿ. ಅದಕ್ಕೇ ರಾತ್ರಿ ನೋವು ಹೆಚ್ಚು, ಎದ್ದು ಕೂತರೆ ಕೊಂಚ ಕಡಿಮೆ.

ಯಾವ ಹಂತದಲ್ಲಿದ್ದೀರಿ ಅನ್ನುವುದನ್ನು ತಿಂಡಿ ತಟ್ಟೆಯೇ ಹೇಳುತ್ತದೆ. ತಣ್ಣೀರು ಕುಡಿದಾಗ, ಸಿಹಿ ತಿಂದಾಗ ಒಂದು ಕ್ಷಣ ಜುಮ್ ಅಂದು ತಕ್ಷಣ ನಿಂತರೆ ಪಲ್ಪ್ ಇನ್ನೂ ಉಳಿಯುವ ಸ್ಥಿತಿಯಲ್ಲಿದೆ. ಬಹಳ ಸಲ ಈಗ ಸಿಮೆಂಟ್ ತುಂಬಿಸಿದರೆ ಸಾಕು. ಬಿಸಿ ಬೆಣ್ಣೆ ದೋಸೆಯ ಒಂದು ತುತ್ತು ತಾಗಿ ಶುರುವಾದ ನೋವು ದೋಸೆ ಮುಗಿದರೂ ನಿಲ್ಲದಿದ್ದರೆ ಪಲ್ಪ್ ಸೋಲುತ್ತಿದೆ ಅಂತ ಅರ್ಥ. ಕೆಲವರಿಗೆ ಬಿಸಿ ತಾಗಿದರೆ ಜೀವ ಹೋದಂತಾಗಿ, ಬಾಯಲ್ಲಿ ತಣ್ಣೀರು ಹಿಡಿದುಕೊಂಡರೆ ಮಾತ್ರ ಸಮಾಧಾನ. ಬಾಟಲಿ ಪಕ್ಕದಲ್ಲಿಟ್ಟುಕೊಂಡು ನಿಮಿಷಕ್ಕೊಮ್ಮೆ ಗುಟುಕು ಹಾಕುತ್ತಾ ಕೂರುತ್ತಾರೆ. ಹೀಗಾದರೆ ಆ ಪಲ್ಪ್ ಚೇತರಿಸಿಕೊಳ್ಳುವುದಿಲ್ಲ. ಇನ್ನೂ ಮುಂದೆ ಹೋದರೆ ಬಿಸಿ, ತಣ್ಣಗೆ ಯಾವುದೂ ಗೊತ್ತಾಗುವುದಿಲ್ಲ, ಕಚ್ಚಿದರೆ ಮಾತ್ರ ನೋವು. ಆ ಒಂದು ಹಲ್ಲು ಮೇಲೆದ್ದು ಬಂದಂತೆ, ಬಾಯಿ ಮುಚ್ಚಿದಾಗ ಮೊದಲು ಅದೇ ತಾಗುತ್ತದೆ. ಮಂಡಕ್ಕಿ ಅಗಿಯಲೂ ಆಗುವುದಿಲ್ಲ. ಸೋಂಕು ಬೇರಿನ ತುದಿ ದಾಟಿ ಮೂಳೆಗೆ ಇಳಿದಿದೆ, ಅಲ್ಲಿ ಕೀವು ಸೇರುತ್ತಿದೆ.

ಈ ಕೊನೆಯ ಎರಡು ಹಂತಗಳ ನಡುವೆ ಒಂದು ಮೋಸದ ಬಿಡುವು ಬರುತ್ತದೆ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಪಲ್ಪ್ ಸತ್ತಿದೆ, ನರವೂ ಸತ್ತಿದೆ, ನೋವು ತಿಳಿಸುವವರೇ ಇಲ್ಲ. ಆ ದಿನ ಬಾಯಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ಲವಂಗ ಇತ್ತಾ, ಲವಂಗದಿಂದ ವಾಸಿಯಾಯ್ತು. ಮಾತ್ರೆ ನುಂಗಿದ್ದರಾ, ಮಾತ್ರೆಯಿಂದ ವಾಸಿ. ನಮ್ಮ ಕಡೆ ಮನೆಮದ್ದಿನ ಹೆಗ್ಗಳಿಕೆಯಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಇಂಥ ಬಿಡುವಿನಲ್ಲೇ ಅಂತ ನನ್ನ ಅನುಮಾನ. ಸತ್ತ ತಿರುಳು ಒಳಗೆ ಕೊಳೆಯುತ್ತಲೇ ಇರುತ್ತದೆ. ಕೆಲವು ವಾರವೋ ತಿಂಗಳೋ ಕಳೆದು ಕೆನ್ನೆ ಊದಿಕೊಂಡು ಬರುವಾಗ "ಆವಾಗಲೇ ಹುಷಾರಾಗಿತ್ತಲ್ಲ ಡಾಕ್ಟ್ರೇ" ಅನ್ನುತ್ತೇವೆ.

ಮೂಳೆಯೊಳಗಿನ ಕೀವು ಹೊರಬರಲು ದಾರಿ ಹುಡುಕುತ್ತದೆ. ಸಾಮಾನ್ಯವಾಗಿ ವಸಡಿನ ಮೇಲೆ ಮೊಡವೆಯಷ್ಟು ಗುಳ್ಳೆ ಏಳುತ್ತದೆ. ಅದು ಒಡೆದರೆ ಬಾಯಲ್ಲಿ ಉಪ್ಪುಪ್ಪು, ಕೆಟ್ಟ ರುಚಿ. ಒತ್ತಡ ಇಳಿಯುವುದರಿಂದ ನೋವೂ ಇಳಿಯುತ್ತದೆ. ಗುಳ್ಳೆ ಮುಚ್ಚುತ್ತದೆ, ಮತ್ತೆ ಏಳುತ್ತದೆ. ಕೆಲವರಿಗೆ ಕೀವು ಕೆನ್ನೆಯ ಅಥವಾ ಗದ್ದದ ಚರ್ಮವನ್ನೇ ತೂತು ಮಾಡಿ ಹೊರಗೆ ಬರುತ್ತದೆ. ಹಲ್ಲು ನೋಯುತ್ತಿರುವುದಿಲ್ಲವಾದ್ದರಿಂದ ಯಾರಿಗೂ ಹಲ್ಲಿನ ನೆನಪಾಗುವುದಿಲ್ಲ. ಚರ್ಮದ ಕುರು ಅಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಗದ್ದದ ಮೇಲೆ ಒಂದೇ ಜಾಗದಲ್ಲಿ ಪದೇ ಪದೇ ಒಡೆಯುವ ಕುರು ಇದ್ದರೆ ಒಂದು ಸಲ ಹಲ್ಲಿನ ಎಕ್ಸ್‌ರೇ ತೆಗೆಸಿ ನೋಡಿ.

ಕೀವು ಕಟ್ಟುವುದಕ್ಕೆ ಹುಳುಕೊಂದೇ ಕಾರಣವಲ್ಲ. ವಸಡಿನ ಸಂದಿಯಲ್ಲಿ ಪಾಚಿ ಸೇರಿ ಅಲ್ಲೂ ಕೀವಾಗುತ್ತದೆ. ಅರ್ಧ ಹೊರಬಂದ ಕೊನೆಯ ದವಡೆ ಹಲ್ಲಿನ ಮೇಲೆ ಮುಚ್ಚಿಕೊಂಡ ವಸಡಿನ ಕೆಳಗೂ ಆಗುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ.

ಅಡುಗೆಮನೆ ಡಬ್ಬಿಗಳ ಲೆಕ್ಕ

ಮೊದಲು ಲವಂಗ. ಅದರ ಎಣ್ಣೆಯಲ್ಲಿ ಯೂಜಿನಾಲ್ ಅನ್ನುವ ಪದಾರ್ಥ ಇದೆ. ಅದು ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಕೊಲ್ಲುತ್ತದೆ. ಹಲ್ಲಿನ ಡಾಕ್ಟರುಗಳೇ ಜಿಂಕ್ ಆಕ್ಸೈಡ್ ಪುಡಿಯನ್ನು ಯೂಜಿನಾಲ್ ಜೊತೆ ಕಲಸಿ ತಾತ್ಕಾಲಿಕವಾಗಿ ತುಂಬುತ್ತಾರೆ. ಕ್ಲಿನಿಕ್ಕಿನ ಒಳಗೆ ಕಾಲಿಟ್ಟ ಕೂಡಲೇ ಬರುವ ಆ ವಾಸನೆಗೆ ದೊಡ್ಡ ಕಾರಣ ಈ ಲವಂಗವೇ. ಹಾಗಾಗಿ ಅಜ್ಜಿ ಹೇಳಿದ್ದು ತಪ್ಪಲ್ಲ. ಒಂದು ಲವಂಗವನ್ನು ನೋಯುವ ಹಲ್ಲಿನ ಪಕ್ಕ ಮೆಲ್ಲಗೆ ಅದುಮಿ ಇಟ್ಟುಕೊಳ್ಳಬಹುದು. ಎಣ್ಣೆಯಾದರೆ ಒಂದು ಹನಿ ಸಾಕು, ಹತ್ತಿಯಲ್ಲಿ ಅದ್ದಿ ಹಲ್ಲಿನ ತೂತಿಗೆ ಮಾತ್ರ ಮುಟ್ಟಿಸಬೇಕು. ಬಾಟಲಿಯಿಂದ ಸುರಿದುಕೊಂಡರೆ ವಸಡು, ಕೆನ್ನೆ ಸುಡುತ್ತದೆ. ಚಿಕ್ಕ ಮಕ್ಕಳಿಗೆ ಲವಂಗದೆಣ್ಣೆ ಬೇಡವೇ ಬೇಡ. ನುಂಗಿಬಿಟ್ಟರೆ ಲಿವರ್‌ಗೆ ಪೆಟ್ಟು ಬೀಳಬಹುದು.

ಆದರೆ ಯೂಜಿನಾಲ್ ಕೆಲಸ ಮಾಡುವುದು ಜೀವ ಇರುವ ನರದ ಮೇಲೆ. ನರ ಸತ್ತು, ಕೀವು ಬೇರಿನ ತುದಿಯಲ್ಲಿ, ಮೂಳೆಯೊಳಗೆ ಕೂತಿದ್ದರೆ ಅಲ್ಲಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ.

ಉಪ್ಪು ನೀರು ನನ್ನ ಮೆಚ್ಚಿನದು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ತೂತಲ್ಲಿ ಸಿಕ್ಕಿದ ಊಟದ ಚೂರು ಹೊರಬರುತ್ತದೆ, ವಸಡಿನ ಊತ ಸ್ವಲ್ಪ ಇಳಿಯುತ್ತದೆ. ಗುಳ್ಳೆ ತಾನಾಗಿ ಒಡೆದಿದ್ದರೆ ಕೀವು ತೊಳೆದುಹೋಗಲು ಸಹಾಯವಾಗುತ್ತದೆ. ಖರ್ಚಿಲ್ಲ, ಅಪಾಯವಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಪೇರಲ ಎಲೆಯ ಒಗರು ವಸಡಿಗೆ ಸ್ವಲ್ಪ ಹಿತ, ಅಷ್ಟೇ. ಅರಿಶಿನ ಹಚ್ಚಿದರೆ ಕೆಟ್ಟದ್ದೇನೂ ಆಗುವುದಿಲ್ಲ, ಹಲ್ಲಿನ ಒಳಗೂ ಹೋಗುವುದಿಲ್ಲ. ಎಣ್ಣೆ ಮುಕ್ಕಳಿಸುವುದು ಕೂಡ ಇದೇ ಸಾಲಿಗೆ.

ಇನ್ನು ಕೆಲವನ್ನು ಮಾಡಲೇಬಾರದು. ಹಸಿ ಬೆಳ್ಳುಳ್ಳಿ ಜಜ್ಜಿ ವಸಡಿಗೆ ಕಟ್ಟಿದರೆ ಅಲ್ಲಿ ಬೆಳ್ಳಗೆ ಸುಟ್ಟ ಗಾಯವಾಗುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಹಲ್ಲಿನ ಪಕ್ಕ ಇಟ್ಟುಕೊಳ್ಳುವವರಿಗೂ ಇದೇ ಗತಿ. ಎಕ್ಕದ ಹಾಲು ಇನ್ನೂ ಕೆಟ್ಟದ್ದು. ಬಾಯಿ ಸುಡುತ್ತದೆ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕಣ್ಣಿಗೂ ಅಪಾಯ. ಹೊಗೆಸೊಪ್ಪಿನ ಬಗ್ಗೆ ನನಗೆ ಕೋಪವೇ ಇದೆ. ಹಲ್ಲು ನೋವಿಗೆ ಅಂತ ನಾಲ್ಕು ದಿನ ಇಟ್ಟುಕೊಂಡು, ನೋವು ಹೋದ ಮೇಲೂ ಬಿಡಲಾಗದೆ ಚಟ ಹತ್ತಿಸಿಕೊಂಡವರು ಎಲ್ಲ ಊರಲ್ಲೂ ಸಿಗುತ್ತಾರೆ. ಹಲ್ಲುಜ್ಜಲು ನಸ್ಯ ಬಳಸುವ ಹೆಂಗಸರದ್ದೂ ಹಲವು ಸಲ ಇದೇ ಕತೆ. ಹಲ್ಲು ಹೋದರೆ ಕಟ್ಟಿಸಬಹುದು, ಬಾಯಿ ಕ್ಯಾನ್ಸರ್ ಬಂದರೆ ಏನು ಮಾಡೋದು?

ಕೆನ್ನೆಗೆ ಬಿಸಿ ಶಾಖ ಕೊಡುವುದೂ ಬೇಡ. ಹೊರಗಿನ ಬಿಸಿಗೆ ಊತ ಹೆಚ್ಚಿ, ಕೀವು ಚರ್ಮದ ಕಡೆ ತಿರುಗಬಹುದು. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟರೆ ಸಾಕು. ಗುಳ್ಳೆಗೆ ಸೂಜಿ ಚುಚ್ಚಿ ಹಿಂಡಬೇಡಿ. ಹೊಸ ಸೋಂಕನ್ನು ಒಳಗೆ ತಳ್ಳಿದಂತಾಗುತ್ತದೆ, ಮೂಲವಂತೂ ಅಲ್ಲೇ ಇರುತ್ತದೆ.

ಹಳೆಯ ನಾಟಿ ವಿದ್ಯೆಯಲ್ಲಿ ಕುಯ್ಯುವುದು, ಕೊಯ್ಯುವುದು ಇರಲಿಲ್ಲ, ಅದೆಲ್ಲ ಇಂಗ್ಲಿಷ್ ವೈದ್ಯರ ಕಾರುಬಾರು ಅಂತ ಹೇಳುವವರಿಗೆ ಒಂದು ಮಾತು. ಸುಶ್ರುತ ಹೇಳಿದ ಎಂಟು ಶಸ್ತ್ರಕರ್ಮಗಳಲ್ಲಿ ಭೇದನ ಒಂದು. ಕೀವು ತುಂಬಿದ ಬಾವನ್ನು ಸೀಳಿ ಕೀವು ಹೊರಗೆ ತೆಗೆಯುವುದೇ ಭೇದನ. ಲೇಪ, ಕಷಾಯ ಎಲ್ಲ ಗೊತ್ತಿದ್ದ ಪರಂಪರೆಯೇ ಕೀವಿಗೆ ಕತ್ತಿ ಎತ್ತಿಕೊಂಡಿತ್ತು.

ಮೆಡಿಕಲ್ ಶಾಪಿನ ಪೊಟ್ಟಣ

"ಅಣ್ಣ, ಹಲ್ಲು ನೋವು, ಎರಡು ದಿನಕ್ಕೆ ಮಾತ್ರೆ ಕೊಡಿ." ಕೌಂಟರಿನ ಆ ಕಡೆಯಿಂದ ಬರುವ ಪ್ರಶ್ನೆ ಒಂದೇ, "ಊತ ಇದೆಯಾ?" ಇದೆ ಅಂದರೆ ನೋವಿನ ಮಾತ್ರೆ ಜೊತೆ ಒಂದು ಆಂಟಿಬಯೋಟಿಕ್, ಇನ್ನೊಂದು ಗ್ಯಾಸ್ಟ್ರಿಕ್ ಮಾತ್ರೆ. ಸ್ಟ್ರಿಪ್ಪಿನಿಂದ ಕತ್ತರಿಸಿ ಕೊಟ್ಟಿದ್ದರಿಂದ ಹೆಸರೂ ಸರಿಯಾಗಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಇದೆಯಾ, ಕಿಡ್ನಿ ತೊಂದರೆ ಇದೆಯಾ, ಬೇರೆ ಏನಾದರೂ ಮಾತ್ರೆ ತಗೋತೀರಾ ಅಂತ ಕೇಳುವವರು ಕಡಿಮೆ. ಡಾಕ್ಟರ್ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರಬಾರದು ಅನ್ನುವ ಕಾನೂನು ಇದೆ. ಅದು ಕೌಂಟರಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ.

ಆಂಟಿಬಯೋಟಿಕ್ ಯಾಕೆ ಸಾಲದು? ಮಾತ್ರೆ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿ, ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಸತ್ತ ಪಲ್ಪ್‌ಗೆ ರಕ್ತವೇ ಹರಿಯುತ್ತಿಲ್ಲ. ಬ್ಯಾಕ್ಟೀರಿಯಾ ಅಲ್ಲಿ ನೆಮ್ಮದಿಯಾಗಿ ಕೂತಿರುತ್ತವೆ. ಮಾತ್ರೆಯಿಂದ ಹಲ್ಲಿನ ಹೊರಗೆ, ಮೂಳೆ ಮತ್ತು ಕೆನ್ನೆಯಲ್ಲಿ ಹರಡಿದ ಸೋಂಕು ಮಾತ್ರ ತಗ್ಗುತ್ತದೆ. ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ತೆಗೆಯದೆ ಮೇಲೆ ಮುಲಾಮು ಹಚ್ಚಿದ ಹಾಗೆ. ಮಾತ್ರೆ ಮುಗಿದ ಕೆಲವು ದಿನಕ್ಕೆ ಊತ ಮತ್ತೆ ಹಾಜರ್.

ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಇದೆ. ಹಲ್ಲಿಗೆ ಕೈಹಾಕಿ ಚಿಕಿತ್ಸೆ ಕೊಡಲು ಸಾಧ್ಯವಿದ್ದರೆ, ಬೇರೆ ತೊಂದರೆ ಇಲ್ಲದ ವಯಸ್ಕರಲ್ಲಿ ಹೆಚ್ಚಿನ ಹಲ್ಲು ನೋವಿಗೆ, ಒಂದೇ ಕಡೆ ಇರುವ ಕೀವಿಗೆ ಆಂಟಿಬಯೋಟಿಕ್ ಬೇಕಾಗಿಲ್ಲ. ಜ್ವರ ಬಂದಿದ್ದರೆ, ಊತ ಹರಡುತ್ತಿದ್ದರೆ ಬೇಕು. ಆಗಲೂ ಅದು ಹಲ್ಲಿನ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಹಲ್ಲಿನ ಡಾಕ್ಟರು ಮಾತ್ರೆ ಬರೆದುಕೊಡದೆ ಕಳಿಸಿದರೆ "ಏನೂ ಕೊಡಲೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುವುದು ನಮ್ಮಲ್ಲಿ ಜಾಸ್ತಿ. ಕೀವಿನ ಮೂಲ ತೆಗೆದಿದ್ದರೆ ಕೊಡಬೇಕಾದ ದೊಡ್ಡ ಔಷಧಿ ಕೊಟ್ಟಾಗಿರುತ್ತದೆ.

ನೋವಿನ ಮಾತ್ರೆಯ ವಿಷಯ ಬೇರೆ. ರಾತ್ರಿ ಕಳೆಯಲು ಅದು ಬೇಕು. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಬೇರೆ ತೊಂದರೆ ಇಲ್ಲದ ವಯಸ್ಕರಾದರೆ ಊಟದ ನಂತರ ಐಬುಪ್ರೊಫೇನ್ 400 ಮಿಲಿಗ್ರಾಂ ಜೊತೆಗೆ. ಹಲ್ಲು ನೋವಿಗೆ ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ಸಾಬೀತಾದ ಮಾತು. ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಐಬುಪ್ರೊಫೇನ್ ಮುಟ್ಟಬಾರದು. ಜ್ವರ ಇದ್ದು ಡೆಂಗಿ ಅನುಮಾನ ಇದ್ದರೂ ಬೇಡ. ಪ್ಯಾರಾಸಿಟಮಾಲ್ ಕೂಡ ಸಿಕ್ಕಾಪಟ್ಟೆ ನುಂಗುವಂಥದ್ದಲ್ಲ. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಎರಡೂ ಸೇರಿ ಲಿವರ್‌ಗೆ ಹೊರೆಯಾಗಬಹುದು.

ಬೆಳಗಿನವರೆಗೂ ಕಾಯಬಾರದ ಹೊತ್ತು

ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಒಂದು ಕಾಯಿಲೆ ವಿವರಿಸಿದ. ನಾಲಿಗೆಯ ಕೆಳಗೆ, ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾದ ಊತ. ಈಗಲೂ ಅದಕ್ಕೆ ಅವನದೇ ಹೆಸರು, ಲುಡ್ವಿಗ್ಸ್ ಆಂಜೈನಾ. ಹೆಚ್ಚಾಗಿ ಶುರುವಾಗುವುದು ಕೆಳಗಿನ ಕೊನೆಯ ಎರಡು ದವಡೆ ಹಲ್ಲುಗಳಿಂದ. ಆ ಹಲ್ಲುಗಳ ಬೇರು ದವಡೆಯಲ್ಲಿ ತುಂಬ ಕೆಳಕ್ಕೆ ಇಳಿದಿರುತ್ತದೆ. ಅಲ್ಲಿಂದ ಒಡೆದ ಕೀವು ಬಾಯೊಳಗೆ ಬರುವ ಬದಲು ಕತ್ತಿನ ಕಡೆ ಜಾರುತ್ತದೆ. ಊತ ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹಲ್ಲು ನೋವಿನಿಂದ ಯಾರಾದರೂ ಸಾಯ್ತಾರಾ ಅಂತ ನಗುವವರಿದ್ದಾರೆ. ಸಾಯ್ತಾರೆ, ಹೀಗೆ.

ಬಾಯಿ ಎರಡು ಬೆರಳಷ್ಟೂ ತೆರೆಯಲು ಆಗುತ್ತಿಲ್ಲ, ಎಂಜಲು ನುಂಗಲು ಆಗದೆ ಸೋರುತ್ತಿದೆ, ಮಾತು ಬಾಯಲ್ಲಿ ಬಿಸಿ ತುತ್ತು ಇದ್ದವರಂತೆ ತೊದಲುತ್ತಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಊತ ಕತ್ತಿಗೆ ಇಳಿದಿದೆ. ಇದರಲ್ಲಿ ಯಾವುದೊಂದು ಇದ್ದರೂ ರಾತ್ರಿ ಎರಡು ಗಂಟೆಯಾದರೂ ಸರಿ, 108ಕ್ಕೆ ಫೋನ್ ಮಾಡಿ. ಹೋಗಬೇಕಾದದ್ದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಹಲ್ಲಿನ ಕ್ಲಿನಿಕ್ಕಿಗಲ್ಲ. ಮೇಲಿನ ಹಲ್ಲಿನ ಸೋಂಕು ಕಣ್ಣಿನ ಕಡೆಗೆ ಹೋಗಿ ರೆಪ್ಪೆ ಊದಿ ಮುಚ್ಚಿಕೊಂಡಿದ್ದರೂ ಹಾಗೆಯೇ. ಅಲ್ಲಿಂದ ಮಿದುಳಿನವರೆಗೆ ರಕ್ತನಾಳಗಳ ಸಂಪರ್ಕ ಇದೆ. ಚಳಿ ಜ್ವರ ಬಂದಿದ್ದರೂ ತಡ ಮಾಡಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಇದೆಲ್ಲ ಬೇಗ ಬೇಗ ನಡೆಯುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಸೋಂಕು ಬಗ್ಗುವುದಿಲ್ಲ, ಸೋಂಕು ಇದ್ದರೆ ಸಕ್ಕರೆ ಇಳಿಯುವುದಿಲ್ಲ. ಮಾತ್ರೆ ಸರಿಯಾಗಿ ತಗೊಂಡರೂ ಸಕ್ಕರೆ ಹತೋಟಿಗೆ ಬರುತ್ತಿಲ್ಲ ಅಂದರೆ ಬಾಯನ್ನೂ ಒಮ್ಮೆ ತೋರಿಸಬೇಕು.

ಕುರ್ಚಿಯ ಮೇಲೆ ಕೂತ ಮೇಲೆ

ದಾವಣಗೆರೆಯವರು ಒಂದು ವಿಷಯದಲ್ಲಿ ಪುಣ್ಯವಂತರು. 1979ರಲ್ಲಿ ಶುರುವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ, ಜಿಲ್ಲಾಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆ ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜು, ಜಿಲ್ಲಾಸ್ಪತ್ರೆ ಇವೆ. ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ ಅಂತ ಹಿಂದೇಟು ಹಾಕುವವರಿದ್ದಾರೆ. ಪಕ್ಕದಲ್ಲಿ ಅಧ್ಯಾಪಕರು ನಿಂತು ನೋಡುತ್ತಾರೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿಕೊಂಡರೆ ಒಳ್ಳೆಯದು.

ಅಲ್ಲಿ ಮೊದಲು ಹಲ್ಲಿನ ಮೇಲೆ ಸಣ್ಣ ಉಪಕರಣದ ಹಿಡಿಯಿಂದ ತಟ್ಟಿ ನೋಡುತ್ತಾರೆ. ಎಕ್ಸ್‌ರೇ ತೆಗೆಯುತ್ತಾರೆ. ಬೇರಿನ ತುದಿಯ ಸುತ್ತ ಮೂಳೆ ಕರಗಿದ್ದರೆ ಕಪ್ಪು ಮಚ್ಚೆ ಕಾಣುತ್ತದೆ. ಆದರೆ ಕೀವು ತೀರಾ ಹೊಸದಾಗಿದ್ದರೆ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಮೂಳೆ ಕರಗಿದ್ದು ಕಾಣಲು ಸ್ವಲ್ಪ ದಿನ ಬೇಕು.

ಆಮೇಲೆ ಮರಗಟ್ಟುವ ಇಂಜೆಕ್ಷನ್. ಕೀವಿರುವ ಜಾಗ ಆಮ್ಲೀಯವಾಗಿರುವುದರಿಂದ ಔಷಧಿ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಸ್ವಲ್ಪ ದೂರದಲ್ಲಿ, ನರ ಹಾದುಹೋಗುವ ಕಡೆ ಕೊಡುತ್ತಾರೆ. ಒಂದರಲ್ಲಿ ಆಗದಿದ್ದರೆ ಇನ್ನೊಂದು. ನೋವು ಗೊತ್ತಾದರೆ ಕೈ ಎತ್ತಿ ಹೇಳಿ, ಹಲ್ಲು ಕಚ್ಚಿಕೊಂಡು ಸುಮ್ನೆ ಇರಬೇಡಿ.

ಹಲ್ಲು ಉಳಿಸಬಹುದಾದರೆ ಮೇಲಿನಿಂದ ಕೊರೆದು ಪಲ್ಪ್ ಇದ್ದ ಗೂಡನ್ನು ತೆರೆಯುತ್ತಾರೆ. ಡ್ರಿಲ್ ಆ ಗೂಡಿಗೆ ಇಳಿದ ಕ್ಷಣ ಕೆಲವೊಮ್ಮೆ ಕೀವು ತಾನಾಗಿ ಮೇಲಕ್ಕೆ ಉಕ್ಕಿ ಬರುತ್ತದೆ. ಮೊದಲು ಹಳದಿ, ಆಮೇಲೆ ರಕ್ತ ಬೆರೆತದ್ದು. ಕೆಟ್ಟ ವಾಸನೆ. ಅಷ್ಟು ಹೊತ್ತು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವರ ಭುಜ ಕೆಳಗಿಳಿಯುತ್ತದೆ. ಒಳಗಿನ ಒತ್ತಡಕ್ಕೆ ಮೊದಲ ಸಲ ದಾರಿ ಸಿಕ್ಕಿರುತ್ತದೆ. ಯಾವ ಮಾತ್ರೆಯೂ ಇಷ್ಟು ಬೇಗ ನೋವು ಇಳಿಸುವುದಿಲ್ಲ. ವಸಡಿನಲ್ಲಿ ಕೀವು ತುಂಬಿ ಮೆತ್ತಗಾಗಿದ್ದರೆ ಅಲ್ಲೇ ಸಣ್ಣಗೆ ಸೀಳಿ ಹರಿಯಬಿಡುತ್ತಾರೆ.

ಮುಂದಿನದು ರೂಟ್ ಕೆನಾಲ್. ಬೇರಿನ ದಾರಿಗಳನ್ನು ಫೈಲ್ ಅನ್ನುವ ಕೂದಲಿನಂಥ ಸಣ್ಣ ಅರಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯುತ್ತಾರೆ. ಕೀವಿದ್ದರೆ ಬಹಳ ಸಲ ಒಳಗೆ ಔಷಧಿ ಇಟ್ಟು ಮುಚ್ಚಿ ಇನ್ನೊಂದು ದಿನ ಬರಲು ಹೇಳುತ್ತಾರೆ. ಕೊನೆಗೆ ಆ ದಾರಿಗಳನ್ನು ಗಟಾಪರ್ಚಾ ಅನ್ನುವ ಪದಾರ್ಥದಿಂದ ತುಂಬುತ್ತಾರೆ. ಇದು ಮಲೇಷ್ಯಾ ಕಡೆ ಬೆಳೆಯುವ ಒಂದು ಮರದ ಹಾಲು ಗಟ್ಟಿಯಾದದ್ದು. ನೈಸರ್ಗಿಕವೇ ಬೇಕು ಅನ್ನುವವರು ಇದನ್ನು ಕೇಳಿ ಖುಷಿಪಡಬಹುದು.

ಹಲ್ಲು ತೀರಾ ಹಾಳಾಗಿದ್ದರೆ ಕೀಳುವುದೊಂದೇ ದಾರಿ. ಇಲ್ಲಿ ಎರಡು ಹೆದರಿಕೆಗಳು ಅಡ್ಡ ಬರುತ್ತವೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನುವುದು ಒಂದು. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಅಪಾಯ ತರುವುದು ಕೀಳದೆ ಬಿಟ್ಟ ಸೋಂಕಿನ ಹಲ್ಲು. ಇನ್ನೊಂದು, ಊತ ಇರುವಾಗ ಕೀಳಬಾರದು ಅನ್ನುವುದು. ಸರಿಯಾಗಿ ಮರಗಟ್ಟಿಸಲು ಆದರೆ ಊತ ಇದ್ದರೂ ಕೀಳಬಹುದು, ಕಿತ್ತರೆ ಕೀವೂ ಅದೇ ದಾರಿಯಲ್ಲಿ ಹೊರಬರುತ್ತದೆ. ಯಾವಾಗ ಕಾಯಬೇಕು ಅನ್ನುವುದನ್ನು ಡಾಕ್ಟರು ಬಾಯಿ ನೋಡಿ ತೀರ್ಮಾನಿಸುತ್ತಾರೆ. ಗರ್ಭಿಣಿಯರಿಗೂ ಚಿಕಿತ್ಸೆ ಮಾಡಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಕೀವು ಕಟ್ಟಿದ್ದರೆ ತಿಂಗಳು ಎಣಿಸುತ್ತಾ ಕೂರುವ ಹಾಗಿಲ್ಲ.

ಮಕ್ಕಳ ಹಾಲು ಹಲ್ಲು ಹೇಗೂ ಬಿದ್ದುಹೋಗುತ್ತೆ, ಅದಕ್ಕೇನು ಚಿಕಿತ್ಸೆ ಅನ್ನುವುದು ಇನ್ನೊಂದು ತಪ್ಪು. ಹಿಂದಿನ ಹಾಲು ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಬೇಕು. ಅವುಗಳ ಬುಡದಲ್ಲೇ ಹೊಸ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಮೇಲಿನ ಕೀವು ಅದನ್ನೂ ಕೆಡಿಸಬಹುದು.

ನಮ್ಮ ಸೀಮೆಯ ಎರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅನ್ನುವುದು ನಮ್ಮ ದೇಶದ ಮಿತಿ. ಚಿಕ್ಕಂದಿನಲ್ಲಿ ಅದಕ್ಕಿಂತ ಹೆಚ್ಚು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ, ಗೆರೆ ಬರುತ್ತದೆ. ಕಲೆ ಇದ್ದ ಮಾತ್ರಕ್ಕೆ ಹುಳುಕಲ್ಲ, ಕಲೆ ಇದೆ ಅಂತ ಹುಳುಕು ಬರುವುದೇ ಇಲ್ಲ ಅಂತಲೂ ಅಲ್ಲ. ಎರಡನೆಯದು ಅಡಿಕೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಅಂದರೆ ಬದುಕು, ಅದನ್ನು ಬೈಯುವ ಧೈರ್ಯ ಯಾರಿಗಿದೆ? ಆದರೆ ದಿನವಿಡೀ ಅಗಿದರೆ ಹಲ್ಲು ಸವೆದು ಸೀಳುತ್ತದೆ. ಗುಟ್ಕಾ ಸೇರಿದರೆ ಕೆನ್ನೆಯ ಒಳಪದರ ಬಿಗಿಯಾಗಿ ಬಾಯಿಯೇ ತೆರೆಯುವುದಿಲ್ಲ. ಅಂಥ ಬಾಯಲ್ಲಿ ಹಿಂದಿನ ದವಡೆ ಹಲ್ಲಿಗೆ ಕೀವು ಕಟ್ಟಿದರೆ ಡಾಕ್ಟರಿಗೆ ಉಪಕರಣ ಒಳಗೆ ಹಾಕುವುದೇ ಕಷ್ಟ.

ಇನ್ನು ಹಣದ ಮಾತು. ರೂಟ್ ಕೆನಾಲ್ ಮುಗಿದ ಮೇಲೆ ಕ್ಯಾಪ್ ಹಾಕಿಸಿ ಅಂದರೆ "ನೋವು ಹೋಯ್ತಲ್ಲ, ಇನ್ಯಾಕೆ" ಅಂತ ಬಿಡುವವರು ತುಂಬ ಜನ. ಪಲ್ಪ್ ಹೋದ ಹಲ್ಲು ಹುಳುಕಿಗೂ ಡ್ರಿಲ್ಲಿಗೂ ಬಹಳಷ್ಟು ಭಾಗ ಕಳೆದುಕೊಂಡಿರುತ್ತದೆ. ಒಂದು ದಿನ ಹುರಿಗಡಲೆ ಕಚ್ಚಿದಾಗ ಅದು ಉದ್ದಕ್ಕೆ ಸೀಳಿದರೆ ಮತ್ತೆ ಉಳಿಸಲು ಆಗುವುದಿಲ್ಲ, ರೂಟ್ ಕೆನಾಲ್‌ಗೆ ಕೊಟ್ಟ ದುಡ್ಡೂ ಅದರ ಜೊತೆಗೇ ಹೋಯಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ಯಾವ ಲೋಹದ ಕ್ಯಾಪಿಗೆ ಎಷ್ಟು, ಎಷ್ಟು ಸಲ ಬರಬೇಕು, ಕ್ಯಾಪ್ ತಡವಾದರೆ ಅಲ್ಲಿಯವರೆಗೆ ಗಟ್ಟಿಯಾಗಿ ಸಿಮೆಂಟ್ ತುಂಬಿಕೊಡಲು ಆಗುತ್ತದೆಯಾ, ಎಲ್ಲ ಕೇಳಿ ಬರೆಸಿಕೊಳ್ಳಿ. ಹಿಂದಿನ ಹಲ್ಲಿಗೆ ಬಿಳಿ ಕ್ಯಾಪ್ ಬೇಕೇಬೇಕು ಅಂತೇನಿಲ್ಲ. ಅಗಿಯಲು ಲೋಹದ್ದೂ ಗಟ್ಟಿಯೇ, ಬೆಲೆಯೂ ಕಡಿಮೆ.